ಮಾಸ್ತರರ ಕಪ್ಪು ಲೇಪ

ಅವರ ಎಡಗೈಯ ಒಳಮೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಒಂದು ಕಪ್ಪು ಗೆರೆ ಇತ್ತು. ಪೆನ್ಸಿಲಿನಲ್ಲಿ ಎಳೆದು ಅಳಿಸಲು ಮರೆತ ಹಾಗೆ. ಅದು ಬಲಗೈಯಲ್ಲಿತ್ತು ಎಂದೇ ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಮಾಸ್ತರರು ತೀರಿಕೊಂಡ ಸುದ್ದಿ ತಿಳಿದು ಹೊನ್ನಾವರಕ್ಕೆ ಹೋದಾಗ ಅವರ ಅಕ್ಕ ತಿದ್ದಿದರು.

"ಬಲಗೈಲಿ ಬ್ಲೇಡ್ ಹಿಡ್ಕಂಡು ಬಲಗೈಯನ್ನೇ ಕೊಯ್ಕಂಬಲೆ ಆಗ್ತಾ ತಮಾ?"

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಹಾಗಾಗಿ ಮುಂದೆ ಬರೆಯುವುದರಲ್ಲಿ ಯಾವುದನ್ನು ಕಣ್ಣಾರೆ ಕಂಡೆ, ಯಾವುದನ್ನು ಆಮೇಲೆ ಜೋಡಿಸಿಕೊಂಡೆ ಎನ್ನುವುದನ್ನು ಗೊತ್ತಿದ್ದಷ್ಟು ಮಟ್ಟಿಗೆ ಹೇಳುತ್ತೇನೆ. ಗೊತ್ತಿದೆ ಎಂದುಕೊಂಡಲ್ಲೂ ತಪ್ಪಿರಬಹುದು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ನನಗೆ ರಸಾಯನಶಾಸ್ತ್ರ ಕಲಿಸಿದರು. ನಾನು ಕುಮಟೆಯಿಂದ ದಿನಾ ಬಸ್ಸು ಹಿಡಿದು ಹೊನ್ನಾವರದ ಕಾಲೇಜಿಗೆ ಹೋಗಿಬರುತ್ತಿದ್ದೆ. ಮಾಸ್ತರರು ತೆಳ್ಳಗಿನ, ಸ್ವಲ್ಪ ಮುಂದಕ್ಕೆ ಬಾಗಿದ ಮನುಷ್ಯ. ಮಾತಾಡುವ ಮೊದಲು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು. ಯಾವುದೋ ಪುಡಿ ನುಣ್ಣಗಾಗಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ. ಉಜ್ಜುವುದು ನಿಂತ ಮೇಲೆಯೇ ಮಾತು. ಬಂದ ಮಾತು ಹೆಚ್ಚಾಗಿ ಪ್ರಶ್ನೆಯಾಗಿರುತ್ತಿತ್ತು.

ಒಮ್ಮೆ ನಾನು ಪ್ರಯೋಗದ ಪುಸ್ತಕದಲ್ಲಿ ಬ್ಯುರೆಟ್ಟಿನ ಮೂರು ಅಳತೆಗಳನ್ನೂ ಒಂದೇ ಸಂಖ್ಯೆಯಾಗಿ ಬರೆದು ಕೊಟ್ಟಿದ್ದೆ. ಒಂದು ಸಲ ಮಾಡಿ, ಉಳಿದೆರಡನ್ನು ತುಂಬಿದ್ದೆ.

"ಮೂರು ಸಲವೂ ಇಷ್ಟೇ ಬಂತಾ?"

"ಹೌದು ಸರ್."

"ನನಗೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ ಮಾರಾಯಾ. ನಿನ್ನ ಕೈ ತೋರ್ಸು, ನೋಡ್ತೇನೆ."

ಇಡೀ ತರಗತಿ ನಕ್ಕಿತು. ಅವರು ನಿಜಕ್ಕೂ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ದ್ರಾವಣವನ್ನೆಲ್ಲ ಚೆಲ್ಲಿ ಮೊದಲಿನಿಂದ ಮಾಡಿಸಿದರು. ಬಸ್ಸು ತಪ್ಪಿತು ಎಂದರೆ, "ಬಸ್ಸು ಇನ್ನೊಂದು ಬರ್ತದೆ. ಈ ಅಳತೆ ಇನ್ನೊಂದು ಬರೂದಿಲ್ಲ" ಎಂದರು.

ಅವರು ಮದುವೆಯಾಗಿರಲಿಲ್ಲ. ಹತ್ತು ವರ್ಷ ದೊಡ್ಡವರಾದ ಅಕ್ಕ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ತಮ್ಮನನ್ನು ಸಾಕಿ ದೊಡ್ಡ ಮಾಡಿದ್ದರು. ತಮ್ಮ ಅರವತ್ತು ಮುಟ್ಟಿದರೂ ಅವರಿಗೆ 'ಅಪ್ಪಿ'ಯೇ. ಇಬ್ಬರೂ ಮೀನು ಬಂದರಿನ ರಸ್ತೆಯಿಂದ ಎರಡು ತಿರುವು ಒಳಗಿದ್ದ ಬಾಡಿಗೆ ಮನೆಯಲ್ಲಿದ್ದರು. ಪಡುವಣ ಗಾಳಿ ಬೀಸಿದರೆ ಒಣಮೀನಿನ ವಾಸನೆ ಮನೆಯೊಳಕ್ಕೆ ಬರುತ್ತದೆಂದು ಅಕ್ಕ ಆ ಬದಿಯ ಎರಡು ಕಿಟಕಿಗಳಿಗೆ ಒಳಗಿನಿಂದ ಮೊಳೆ ಹೊಡೆಸಿದ್ದರು. ಊರು ಮೀನಿನದು, ಮನೆ ಮಾತ್ರ ಅಲ್ಲ.

ಅಕ್ಕನ ಮಡಿ ಎಂಥದು ಎನ್ನುವುದಕ್ಕೆ ಮಾಸ್ತರರೇ ಒಂದು ಕಥೆ ಹೇಳುತ್ತಿದ್ದರು. ಯಾವುದೋ ಜ್ವರಕ್ಕೆ ವೈದ್ಯರು ಕೆಂಪು-ಹಳದಿ ಕ್ಯಾಪ್ಸೂಲ್ ಕೊಟ್ಟಿದ್ದರಂತೆ. ಒಂದನ್ನು ನುಂಗಿ ನೀರು ಕುಡಿದ ಅಕ್ಕ, "ಈ ಹೊದಿಕೆ ಎಂತರದ್ದು ಅಪ್ಪಿ? ನಾಲಿಗೆಗೆ ಅಂಟ್ತು" ಎಂದು ಕೇಳಿದರು. ಇವರು ಪಾಠ ಹೇಳುವ ಹಾಗೆ ಹೇಳಿಬಿಟ್ಟರು: ದನದ ಎಲುಬು, ತೊಗಲು ಬೇಯಿಸಿ ಮಾಡುತ್ತಾರೆ. ಅಕ್ಕ ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡರು. ಮೂರು ದಿನ ಹಾಲು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅಲ್ಲಿಂದ ಮುಂದೆ ಯಾವ ಕ್ಯಾಪ್ಸೂಲ್ ಬಂದರೂ ಬಿಚ್ಚಿ, ಪುಡಿಯನ್ನು ಬಾಳೆಹಣ್ಣಿನ ಹೋಳಿನ ಮೇಲೆ ಉದುರಿಸಿ ತಿನ್ನುತ್ತಿದ್ದರು. ಖಾಲಿ ಹೊದಿಕೆಯನ್ನು ಕಡ್ಡಿಯಿಂದ ತಳ್ಳಿ ಹೊರಗೆ ಎಸೆಯುತ್ತಿದ್ದರು.

"ನಿಜ ಹೇಳೂದಕ್ಕೂ ಒಂದು ಹೊತ್ತುಂಟು. ನಾನು, ಅಕ್ಕ ನುಂಗಿದ ಮೇಲೆ ಹೇಳಿದೆ" ಎಂದು ಮಾಸ್ತರರು ನಗುತ್ತಿದ್ದರು. ಆ ನಗೆಯ ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದರು: "ಆ ಹೊದಿಕೆಗೂ ಅಕ್ಕನ ಚರ್ಮಕ್ಕೂ ವಸ್ತು ಒಂದೇ. ಕೊಲಾಜೆನ್. ನಮ್ಮನ್ನೆಲ್ಲ ಹಿಡಿದು ನಿಲ್ಲಿಸಿದ ಅಂಟು ಅದು."

ಅಕ್ಕ ಪ್ರತಿ ಶಿವರಾತ್ರಿಗೆ ಯಾಣಕ್ಕೆ ಹೋಗುತ್ತಿದ್ದರು. ಕಾಡಿನ ದಾರಿಯನ್ನು ಬರಿಗಾಲಲ್ಲೇ ನಡೆಯಬೇಕೆನ್ನುವುದು ಅವರ ಹಟ. ಸಕ್ಕರೆ ಕಾಯಿಲೆ ಆಗಲೇ ಹಳೆಯದಾಗಿತ್ತು. ಪಾದಕ್ಕೆ ಸ್ಪರ್ಶ ಇರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿದ್ದಿರಬೇಕು, ಯಾಣದಿಂದ ಬಂದ ನಾಲ್ಕನೆಯ ದಿನ ಮಾಸ್ತರರು ಅಡುಗೆಮನೆಯಿಂದ ದೇವರ ಕೋಣೆಗೆ, ಅಲ್ಲಿಂದ ತುಳಸಿಕಟ್ಟೆಗೆ ಹೋದ ಕೆಂಪು ಹೆಜ್ಜೆಗಳನ್ನು ಕಂಡರು. ಎಲ್ಲವೂ ಬಲಗಾಲಿನವು. ಹೆಜ್ಜೆಯ ಹಿಂದೆಯೇ ಹೋದರೆ ಅಕ್ಕ ಹಾಡಿಕೊಳ್ಳುತ್ತ ತುಳಸಿಗೆ ನೀರು ಹಾಕುತ್ತಿದ್ದರು. ಮರದ ಚೂರೊಂದು ಹೆಬ್ಬೆರಳ ಬುಡದಲ್ಲಿ ಒಳಗೆ ಹೋಗಿ ಕೂತಿತ್ತು. ಅವರಿಗೆ ಗೊತ್ತೇ ಇರಲಿಲ್ಲ.

ಆ ಗಾಯ ಮುಚ್ಚುವುದು, ಮತ್ತೆ ಬಾಯಿ ಬಿಡುವುದು, ಒಂದು ವರ್ಷ ನಡೆಯಿತು. ಕುಮಟೆಯ ವೈದ್ಯರು ಖಂಡಿತವಾಗಿ ಹೇಳಿದರು: ಈಗ ಎರಡು ಬೆರಳು ತೆಗೆದರೆ ಪಾದ ಉಳಿಯುತ್ತದೆ, ತಡವಾದರೆ ಎಲ್ಲಿಯವರೆಗೆ ತೆಗೆಯಬೇಕಾಗುತ್ತದೆ ಎಂದು ಹೇಳಲಾಗದು. ಅಕ್ಕ ಒಪ್ಪಲಿಲ್ಲ.

"ಬೆರಳಿಲ್ದೆ ನಿಂತ್ರೆ ದೇವ್ರ ಎದ್ರಿಗೆ ಸೊಟ್ಟ ನಿಂತಾಂಗೆ ಆಗ್ತು. ಆನು ಬತ್ನಿಲ್ಲೆ" ಎಂದರು.

ಮಾಸ್ತರರು ಆಗಷ್ಟೇ ನಿವೃತ್ತರಾಗಿದ್ದರು. ಅಕ್ಕನ ಪಾದವನ್ನು ತಾವೇ ಉಳಿಸುವುದೆಂದು ನಿರ್ಧಾರ ಮಾಡಿದರು.

ಆಗ ನಾನು ಘಟ್ಟದ ಮೇಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಇಂಗಾಲದ ನ್ಯಾನೋ ನಳಿಕೆಗಳು, ಅಂದರೆ ಕೂದಲೆಳೆಯನ್ನು ಹತ್ತಾರು ಸಾವಿರ ಸಲ ಸೀಳಿದರೆ ಸಿಗುವಷ್ಟು ಸಣ್ಣ ಕೊಳವೆಗಳು, ನಮ್ಮ ಪ್ರಯೋಗಾಲಯದ ಹೊಸ ಹುಚ್ಚು. ಕೊಲಾಜೆನ್ ಲೋಳೆಯಲ್ಲಿ ಈ ನಳಿಕೆಗಳನ್ನು ಬೆರೆಸಿದರೆ ಲೋಳೆಗೆ ಗಟ್ಟಿತನ ಬರುತ್ತದೆ, ಜೀವಕೋಶಗಳು ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ ಅದರ ಮೇಲೆ ಹಬ್ಬುತ್ತವೆ, ಮುಂದೊಂದು ದಿನ ಗಾಯಕ್ಕೂ ನರಕ್ಕೂ ಇದರಿಂದ ತೇಪೆ ಹಾಕಬಹುದು ಎನ್ನುವ ಲೇಖನಗಳು ಆಗ ಬರತೊಡಗಿದ್ದವು. ನಾನು ಅವುಗಳ ಜೆರಾಕ್ಸ್ ಪ್ರತಿಗಳನ್ನು ಮಾಸ್ತರರಿಗೆ ಕಳಿಸಿದೆ. ಗುರುಗಳಿಗೆ ಸಹಾಯವಾಗಲಿ ಎಂದು ಕಳಿಸಿದೆ ಎಂದು ಹೇಳಿಕೊಂಡು ಬಂದಿದ್ದೇನೆ. ನಾನು ಎಷ್ಟು ದೊಡ್ಡ ಕೆಲಸದಲ್ಲಿದ್ದೇನೆ ಎಂದು ಬ್ಯುರೆಟ್ಟಿನ ಮಾಸ್ತರರಿಗೆ ತಿಳಿಯಲಿ ಎಂಬ ಆಸೆಯೂ ಇತ್ತು.

ಅವರು ಕಾರ್ಡು ಬರೆದರು: "ಎಲ್ಲವೂ ಗಾಜಿನ ತಟ್ಟೆಯಲ್ಲಿ ನಡೆದದ್ದು. ಕಾಲಿನಲ್ಲಿ ಅಲ್ಲ. ಸರಿಯೇ?" ಕೆಳಗೆ ಎರಡು ಗೆರೆ. ಸರಿ ಎಂದು ನಾನು ಉತ್ತರಿಸಿದೆ. ಇಬ್ಬರೂ ಅಲ್ಲಿಗೇ ನಿಲ್ಲಬಹುದಿತ್ತು.

ನಳಿಕೆಗಳನ್ನು ನನ್ನಿಂದ ಕೇಳಲು ಅವರಿಗೆ ಮನಸ್ಸಿರಲಿಲ್ಲ. ಪ್ರಯೋಗಾಲಯದ ವಸ್ತು ಹೊರಗೆ ಹೋಗಬಾರದು ಎನ್ನುವ ಮನುಷ್ಯ. ನೀರಿನೊಳಗೆ ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹೊತ್ತಿಸಿದರೂ ಅಂಥ ಕಣಗಳು ಹುಟ್ಟುತ್ತವೆ ಎಂದು ನಾನು ಕಳಿಸಿದ ಒಂದು ಲೇಖನದಲ್ಲಿತ್ತು. ಕಡ್ಡಿಗಾಗಿ ಅವರು ಭಟ್ಕಳಕ್ಕೆ ಹೋದರು. ಅಲ್ಲಿ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹಳೆಯ ಪರಿಚಯದವರೊಬ್ಬರಿದ್ದರು. ನಡುವೆ ಇಂಗಾಲದ ಕಡ್ಡಿ ಇರುವ ಟಾರ್ಚಿನ ಸತ್ತ ಸೆಲ್ಲುಗಳನ್ನು ಇವರಿಗಾಗಿ ಗೋಣಿಯಲ್ಲಿ ಕೂಡಿಡುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ.

"ಮಾಸ್ಟರ್ ಸಾಬ್, ಜನ ಹೊಸ ಸೆಲ್ ಕೇಳ್ತಾರೆ. ನೀವೊಬ್ರೇ ಸತ್ತದ್ದು ಕೇಳೂದು. ಎಂತ, ದಫನ್ ಮಾಡ್ತೀರಾ?"

"ಇಲ್ಲ ಸಾಹೇಬ್ರೆ. ಎಬ್ಬಿಸ್ತೇನೆ."

"ತೌಬಾ! ಸತ್ತದ್ದು ಎದ್ರೆ ಒಳ್ಳೇದಕ್ಕಲ್ಲ ಮಾಸ್ಟರ್" ಎಂದು ಆತ ನಕ್ಕರು. ಮಾಸ್ತರರು ನಗಲಿಲ್ಲ, ಗೋಣಿಯ ಬಾಯಿ ಕಟ್ಟುತ್ತಿದ್ದರು.

ಶರಾವತಿಯ ಅಳಿವೆಯ ಬಳಿ ದೋಣಿ ರಿಪೇರಿ ಮಾಡುವ ಶೆಡ್ಡಿನಲ್ಲಿ ವೆಲ್ಡಿಂಗ್ ಯಂತ್ರವಿತ್ತು. ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ಅದನ್ನು ಮಾಸ್ತರರಿಗೆ ಬಿಟ್ಟುಕೊಡುತ್ತಿದ್ದರು. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಮುಖಕ್ಕೆ ವೆಲ್ಡರ್‌ನ ಕಪ್ಪು ಗಾಜಿನ ಮುಖವಾಡ. ಮಣ್ಣಿನ ಬಾನಿಯ ನೀರಿನೊಳಗೆ ಸೆಲ್ಲಿನ ಕಡ್ಡಿಗಳು ಒಂದಕ್ಕೊಂದು ತಾಗಿದಾಗ ನೀರಿನ ತಳದಲ್ಲಿ ನೀಲಿ ಬೆಳಕು ಹೊತ್ತಿ, ಬಾನಿ ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಕಪ್ಪು ಕೆನೆ ಕಟ್ಟುತ್ತಿತ್ತು. ಅದನ್ನು ಮಜ್ಜಿಗೆಯಿಂದ ಬೆಣ್ಣೆ ತೆಗೆಯುವ ಹಾಗೆ ಚಮಚದಲ್ಲಿ ಎತ್ತಿ ಬಾಟಲಿಗೆ ತುಂಬಿಸುತ್ತಿದ್ದರು. ಸೆಲ್ಲಿನ ಕಡ್ಡಿಯಲ್ಲಿ ಮ್ಯಾಂಗನೀಸ್, ಸತು ಎಲ್ಲ ಇರುತ್ತದೆ, ಹೋಗುವುದಿಲ್ಲ ಎಂದು ನಾನು ಎಚ್ಚರಿಸಿದೆ. "ಆಸಿಡ್ಡಿನಲ್ಲಿ ಏಳು ಸಲ ತೊಳೆದೆ" ಎಂದರು. ಅವರ ಉತ್ತರ ಸ್ಪಷ್ಟವಾಗಿ ನೆನಪಿದೆ. ನನ್ನ ಎಚ್ಚರಿಕೆ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ. ಉತ್ತರ ಇದ್ದ ಮೇಲೆ ಪ್ರಶ್ನೆಯೂ ಇದ್ದಿರಲೇಬೇಕೆಂದು ನಾನೇ ಸೇರಿಸಿಕೊಂಡಿರಬಹುದು.

ಆ ಕಪ್ಪು ಪುಡಿಯನ್ನು ನಮ್ಮ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ನನ್ನದಾಯಿತು. ಎರಡು ಮಧ್ಯಾಹ್ನ ನೋಡಿದೆ. ಮಸಿ, ಬರೀ ಮಸಿ. ಕೊನೆಗೆ ಒಂದು ಮೂಲೆಯಲ್ಲಿ ಒಂದು ನಳಿಕೆ ಕಂಡಿತು. ಅದೇ ಬೆಳಿಗ್ಗೆ, ಮಾದರಿ ಇಡುವ ಅದೇ ಹೋಲ್ಡರಿನಲ್ಲಿ ನಾನು ನಮ್ಮ ಪ್ರಯೋಗಾಲಯದ ನಳಿಕೆಗಳನ್ನು ಇಟ್ಟಿದ್ದೆ. ಅದು ಅಲ್ಲಿಂದ ಉದುರಿದ್ದೂ ಇರಬಹುದು. ಮಾಸ್ತರರಿಗೆ "ಇದೆ" ಎಂದು ಬರೆದೆ. "ಒಂದೋ, ಹಲವೋ?" ಎಂದು ಕಾರ್ಡು ಬಂತು. "ಹಲವು" ಎಂದು ಬರೆದೆ.

ಇನ್ನು ಕೊಲಾಜೆನ್. ದನದ್ದು ಎಂದು ಯೋಚಿಸುವುದೂ ಸಾಧ್ಯವಿರಲಿಲ್ಲ. ಮಾಸ್ತರರು ಮೀನಿಗೆ ಬಂದು ನಿಂತರು. "ಬಂಗಾಳದ ಕಡೆ ಬ್ರಾಹ್ಮಣರೂ ತಿಂತಾರಂತೆ. ಇದ್ದದ್ದರಲ್ಲಿ ಸಣ್ಣ ಪಾಪ" ಎಂದು ನನಗೆ ವಿವರಿಸಿದರು. ಬಂದರಿನಲ್ಲಿ ಮೀನು ಕೊಯ್ದುಕೊಡುವ ಗಣಪಿ ಎಂಬ ಹೆಂಗಸು ತೊರಕೆ ಮೀನಿನ ತೊಗಲನ್ನು ಸುಲಿದು ಇವರಿಗಾಗಿ ಎತ್ತಿಡುತ್ತಿದ್ದಳು.

"ಭಟ್ರ ಮನಿಗೆ ತೊರ್ಕಿ ತೊಗಲು! ಮಾಸ್ತರ್ರೆ, ಊರಿಗೆಲ್ಲ ಹೇಳ್ಲಾ?"

"ಊರಿಗೆ ಹೇಳು ಮಾರಾಯ್ತಿ. ನಮ್ಮ ಅಕ್ಕನಿಗೆ ಒಂದು ಹೇಳ್ಬೇಡ."

"ತೊಗಲೇ ತಕಂಡ್ ಹೋಗ್ತ್ರಿ, ತುಂಡೊಂದು ಬ್ಯಾಡ ಅಂತ್ರಿ. ಎಂತಾ ಬದ್ಕೋ ನಿಮ್ದು!"

ತೊಗಲನ್ನು ಮನೆಗೆ ತರುವಂತಿರಲಿಲ್ಲ. ಗಣಪಿಯ ಐಸ್ ಪೆಟ್ಟಿಗೆಯಲ್ಲೇ, ಬಂಗಡೆ ಮೀನುಗಳ ನಡುವೆ, ಮುಚ್ಚಳದ ಬಾಟಲಿಗಳಲ್ಲಿ ಅದು ತೆಳು ಆಸಿಡ್ಡಿನಲ್ಲಿ ನೆನೆಯುತ್ತಿತ್ತು. ನಾಲ್ಕೈದು ದಿನಕ್ಕೆ ಗಂಜಿ ತಿಳಿಯಂತಾಗುತ್ತಿತ್ತು. ಉಪ್ಪು ಹಾಕಿ ತಳಕ್ಕೆ ಇಳಿಸಿ, ತೊಳೆದು, ಕಪ್ಪು ಪುಡಿ ಬೆರೆಸಿದರೆ ನಡುಗುವ ಕಪ್ಪು ಲೋಳೆ. ಮೀನಿನ ಕೊಲಾಜೆನ್ನಿಗೆ ಒಂದು ಕೊರತೆ ಇದೆ: ಮನುಷ್ಯನ ಮೈ ಬಿಸಿಗೆ ಅದು ಕರಗುತ್ತದೆ. ನಳಿಕೆಗಳು ಅದನ್ನು ಎತ್ತಿ ಹಿಡಿಯುತ್ತವೆ ಎನ್ನುವುದು ಮಾಸ್ತರರ ಲೆಕ್ಕ. ಇರದ ನಳಿಕೆಗಳು.

ಮೊದಲು ತಮ್ಮ ಕೈಯನ್ನೇ ಕೊಯ್ದುಕೊಂಡು ಹಚ್ಚಿಕೊಂಡರು. ಹತ್ತೇ ದಿನಕ್ಕೆ ಗಾಯ ಕೂಡಿತು. ಆರೋಗ್ಯವಂತನ ಕೈಗೆ ಏನು ಹಚ್ಚಿದರೂ, ಏನೂ ಹಚ್ಚದಿದ್ದರೂ, ಹತ್ತು ದಿನಕ್ಕೆ ಕೂಡುತ್ತದೆ. ಇದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಅವರು ತೋಳು ಮಡಚಿ ಆ ಗೆರೆ ತೋರಿಸಿದಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಉಳಿದದ್ದು ವಾಸನೆ. ಎಷ್ಟು ತೊಳೆದರೂ ಲೋಳೆಯ ಅಡಿಯಲ್ಲಿ ಸಣ್ಣಗೆ ಮೀನು ಉಳಿಯುತ್ತಿತ್ತು. ಮೊಳೆ ಹೊಡೆದ ಕಿಟಕಿಯ ಮನೆಯಲ್ಲಿ ಅದು ಮೊದಲ ಕ್ಷಣಕ್ಕೇ ತಿಳಿಯುತ್ತದೆ. ಮಾಸ್ತರರು ಪಚ್ಚಕರ್ಪೂರ ಅರೆದು ಬೆರೆಸಿದರು. ದೇವರ ಮನೆಯ ವಾಸನೆಯಾದರೆ ಅಕ್ಕ ಬೇಡವೆನ್ನುವುದಿಲ್ಲ.

ಮೊದಲ ಸಲ ಹಚ್ಚಿದ ದಿನ ನಾನು ಅಲ್ಲಿದ್ದೆ. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಮಾಸ್ತರರು ಮರದ ಕಡ್ಡಿಯಲ್ಲಿ ಲೋಳೆಯನ್ನು ಗಾಯಕ್ಕೆ ಬಳಿಯುತ್ತಿದ್ದರು.

"ಎಂತಾ ಪರಿಮಳ ಅಪ್ಪಿ ಇದು?"

"ಕರ್ಪೂರ."

"ಕರ್ಪೂರದಡಿಗೆ ಮತ್ತೆಂತೋ ಇದ್ದು."

"ಲೋಳೆಸರ ಅಕ್ಕಾ. ಇದ್ದಿಲು ಪುಡಿ. ಬೇರೆಂತ ಇಲ್ಲೆ."

ಅಕ್ಕ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಹೌದನಾ ತಮಾ? ನೀನು ದೊಡ್ಡ ಓದು ಓದಿದವ, ಹೇಳು."

"ಹೌದು ಅಕ್ಕ" ಎಂದೆ.

ಮುಂದಿನ ವಾರಗಳಲ್ಲಿ ಬಂದ ಕಾರ್ಡುಗಳು ಒಂದಕ್ಕಿಂತ ಒಂದು ಹಿಗ್ಗಿನವು. ಲೇಪದ ಸುತ್ತ ಕಾಣುವ ಕೆಂಪನ್ನು ಅವರು ಬಟರ್ ಪೇಪರ್ ಇಟ್ಟು ಎಳೆದುಕೊಂಡು ಅಳೆಯುತ್ತಿದ್ದರು. ಕೆಂಪು ಕುಗ್ಗುತ್ತಿದೆ. ಕೀವಿನ ವಾಸನೆ ಇಲ್ಲ. ನೋವು ಇಲ್ಲ. ನಾನು ಓದಿ ಸಹೋದ್ಯೋಗಿಗಳಿಗೂ ತೋರಿಸಿದೆ. ಕೆಂಪು ಕುಗ್ಗುವುದು ಎರಡು ಕಾರಣಕ್ಕೆ ಆಗಬಹುದು, ಅದರ ಜಾಗಕ್ಕೆ ಬರುತ್ತಿರುವುದು ಯಾವ ಬಣ್ಣ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದ ಮನುಷ್ಯ ಸ್ವತಃ ಅಳೆಯುತ್ತಿದ್ದರು.

ನಾನು ಮತ್ತೆ ಹೋದದ್ದು ಒಂದು ಮಧ್ಯಾಹ್ನ. ಗೇಟಿನ ಹೊರಗೇ ಕರ್ಪೂರದ ವಾಸನೆ ಬರುತ್ತಿತ್ತು. ಸೆಕೆಯ ದಿನ, ಅಕ್ಕ ಎರಡು ಕಂಬಳಿ ಹೊದ್ದು ಕೂತಿದ್ದರು. "ಚಳಿ ತಮಾ, ಎಂತಕ್ಕೋ" ಎಂದರು. ಮಾತಿನ ನಡುವೆ ಒಮ್ಮೆ ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು. ಮಾಸ್ತರರು ಲೇಪ ಬದಲಿಸಲು ಕೂತಿದ್ದರು. ಒದ್ದೆ ಹತ್ತಿಯಿಂದ ಒರೆಸಿದರು, ಹತ್ತಿ ಕಪ್ಪಾಯಿತು. ಎರಡನೆಯದು ಸ್ವಲ್ಪ ಕಪ್ಪಾಯಿತು. ಮೂರನೆಯ ಹತ್ತಿ ಬೆಳ್ಳಗೆಯೇ ಉಳಿಯಿತು. ಕಾಲು ಕಪ್ಪಗೆಯೇ ಇತ್ತು.

ಮಾಸ್ತರರು ನಾಲ್ಕನೆಯ ಹತ್ತಿ ತೆಗೆದರು. ಐದನೆಯದು. ಹಿಮ್ಮಡಿಯ ಕಡೆಗೆ, ಲೇಪ ಯಾವತ್ತೂ ಮುಟ್ಟದ ಜಾಗದಲ್ಲೂ ಒರೆಸಿದರು. ಅಲ್ಲೂ ಹತ್ತಿ ಬಿಳಿ.

"ಆತಾ ಅಪ್ಪಿ?" ಎಂದು ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಆತು ಅಕ್ಕ" ಎಂದು ಮಾಸ್ತರರು ಹೇಳಿದರು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು.

ಮಾಂಸ ಸತ್ತರೆ ಕಪ್ಪಾಗುತ್ತದೆ, ಲೇಪ ಕಪ್ಪು. ಮಾಂಸ ಕೊಳೆತರೆ ನಾರುತ್ತದೆ, ಲೇಪದಲ್ಲಿ ಕರ್ಪೂರ. ನೋವು ಎಚ್ಚರಿಸಬೇಕಿತ್ತು, ಅದು ಆ ಪಾದದಿಂದ ಎಂದೋ ಹೊರಟುಹೋಗಿತ್ತು. ಕಾಲು ತಾನು ಕೆಡುತ್ತಿದ್ದೇನೆಂದು ಹೇಳಲು ಇದ್ದ ದಾರಿಗಳನ್ನೆಲ್ಲ ನಾವು ಒಂದೊಂದಾಗಿ ಮುಚ್ಚಿದ್ದೆವು.

ಬಾಡಿಗೆ ಕಾರಿನಲ್ಲಿ ಕುಮಟೆಗೆ ಕರೆದೊಯ್ದೆವು. ಆಸ್ಪತ್ರೆಯ ಹೆಸರು ಬೇಡ. ಅವರ ತಪ್ಪೇನೂ ಇಲ್ಲ. ವೈದ್ಯರು ಕಾಲು ನೋಡಿ, "ಏನು ಹಚ್ಚಿದ್ದೀರಿ? ಯಾವುದು ಔಷಧದ ಕಪ್ಪು, ಯಾವುದು ಕಾಲಿನ ಕಪ್ಪು ಅಂತ ಗೊತ್ತಾಗ್ತಾ ಇಲ್ಲ" ಎಂದರು. ನನ್ನ ನೆನಪು ಇಲ್ಲಿ ಬಹಳ ಗಟ್ಟಿ. ನಾನು ವೈದ್ಯರನ್ನು ಕರೆದುಕೊಂಡು ಹೊರಗಿನ ಪಡಸಾಲೆಗೆ ಹೋದೆ. ಕಿಟಕಿಯ ಸರಳಿಗೆ ಯಾರೋ ಟವೆಲ್ ಒಣಹಾಕಿದ್ದರು. ಅಲ್ಲಿ ನಿಂತು ಎಲ್ಲ ಹೇಳಿದೆ: ಮೀನಿನ ತೊಗಲು, ಸೆಲ್ಲಿನ ಮಸಿ, ಕರ್ಪೂರ. ವೈದ್ಯರು ತಲೆ ಅಲ್ಲಾಡಿಸಿದರು.

ಆದರೂ ಅವರು ಎರಡು ದಿನ ತೊಳೆಯುತ್ತ ಕಾದರು. ಮೂರನೆಯ ದಿನ ಕಾಲು ತೆಗೆದರು. ಬೆರಳಲ್ಲ, ಪಾದವಲ್ಲ. ಮೊಣಕಾಲಿನ ಮೇಲೆ. ಇಷ್ಟು ವಿವರವಾಗಿ ಹೇಳಿದ ಮೇಲೂ ಎರಡು ದಿನ ಕಳೆದರಲ್ಲ ಎಂದು ನನಗೆ ಆ ವೈದ್ಯರ ಮೇಲೆ ಬಹುಕಾಲ ಸಿಟ್ಟಿತ್ತು.

ಅಲ್ಲಿಂದ ಮುಂದೆ ಮಾಸ್ತರರು ಬದುಕಿದ ವರ್ಷಗಳಲ್ಲಿ ರಸಾಯನಶಾಸ್ತ್ರದ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಅಕ್ಕನನ್ನು ಎತ್ತಿ ಅಂಗಳದ ಬಿಸಿಲಿಗೆ ತಂದು ಕೂರಿಸುತ್ತಿದ್ದರು, ಬಿಸಿಲು ಸರಿದಂತೆ ಕುರ್ಚಿ ಸರಿಸುತ್ತಿದ್ದರು. ಮಡಿಯ ಅಡುಗೆ ಕಲಿತರು. ತುಳಸಿಗೆ ನೀರು ಹಾಕುತ್ತಿದ್ದರು. ಗಣಪಿ ರಸ್ತೆಯಲ್ಲಿ ಸಿಕ್ಕಿ "ಅಕ್ಕೋರು ಹ್ಯಾಂಗಿದ್ರು?" ಎಂದರೆ ಕೊಡೆಯನ್ನು ಮುಖದ ಮಟ್ಟಕ್ಕೆ ಇಳಿಸಿಕೊಂಡು ದಾಟುತ್ತಿದ್ದರಂತೆ. ನನ್ನ ಜೊತೆ ಒಮ್ಮೆ ಮಾತ್ರ ಮಾತಾಡಿದರು, ಬಸ್ ನಿಲ್ದಾಣದಲ್ಲಿ, ಬೇರೇನೋ ಹೇಳುತ್ತಿದ್ದವರು ನಟ್ಟನಡುವೆ:

"ಗಾಜಿನ ತಟ್ಟೆಗೆ ಯಾರೂ ಕರ್ಪೂರ ಹಾಕೂದಿಲ್ಲ, ನೋಡು."

ಈಗ ಆ ಕ್ಷೇತ್ರದಲ್ಲಿ ಲೇಖನಗಳು ಸಾಕಷ್ಟು ಬರುತ್ತವೆ. ಲೋಳೆ ಶುದ್ಧವಾಗಿದೆ, ನಳಿಕೆಗಳು ನಿಜವಾದವು, ಅವು ಮೈಯೊಳಗೆ ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯನ್ನೂ ಕೆಲವರು ಕೇಳುತ್ತಿದ್ದಾರೆ. ನಾನು ಆ ಕೆಲಸ ಬಿಟ್ಟಿದ್ದೇನೆ. ಮಾಸ್ತರರ ಉದ್ದೇಶ ಮೂರ್ಖತನದ್ದಾಗಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ. ಮಾಡದ ಅಳತೆ ತುಂಬುವ ಯಾವ ಸುಳ್ಳನ್ನು ಅವರು ಅಷ್ಟು ವರ್ಷ ತಿದ್ದಿದರೋ ಅದು ಅವರ ಮನೆಯೊಳಕ್ಕೇ, ನನ್ನ ಕೈಯಿಂದ, ಅವರ ಪ್ರೀತಿಯ ಮೂಲಕ ಬಂತು.

ಕಳೆದ ವಾರ, ಮಾಸ್ತರರ ಹದಿಮೂರನೆಯ ದಿನದ ಕರ್ಮಗಳೆಲ್ಲ ಮುಗಿದ ಮರುದಿನ, ಅಕ್ಕ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದೆ, ಕಣ್ಣು ಚುರುಕಾಗಿದೆ. ಮಡಿಲಲ್ಲಿ ಒಂದು ಹಳೆಯ ಫೈಲು.

"ಅಪ್ಪಿ ಕಪಾಟಲ್ಲಿ ಇತ್ತು. ಆಸ್ಪತ್ರೆದು ಕಾಣ್ತು. ಇಂಗ್ಲಿಷು. ಓದಿ ಹೇಳು ತಮಾ."

ದಾಖಲಾದಾಗ ಬರೆದುಕೊಂಡ ಕಾಗದದ ಪ್ರತಿ. ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಹೆಸರು. ವಯಸ್ಸು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ. ಗಾಯ ಹೇಗಾಯಿತು. ಆಮೇಲಿನ ಸಾಲಿಗೆ ಬಂದು ನಿಂತೆ.

"ಎಂತಕೆ ನಿಲ್ಸಿದೆ?"

ಗಾಯಕ್ಕೆ ಹಚ್ಚಿದ್ದು: ಲೋಳೆಸರ ಮತ್ತು ಇದ್ದಿಲಿನ ನಾಟಿ ಲೇಪ. ಬೇರೇನೂ ಇಲ್ಲವೆಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದೆ. ಇದ್ದಿಲ ಬಣ್ಣ ಪೂರ್ತಿ ತೊಳೆದುಹೋಗುವವರೆಗೆ ಕಾದು, ಆಮೇಲೆ ಎಲ್ಲಿಯವರೆಗೆ ತೆಗೆಯಬೇಕೆಂದು ನಿರ್ಧರಿಸುವುದು. ವಿವರ ಹೇಳಿದವರು: ಅಲ್ಲಿ ನನ್ನ ಹೆಸರು. ಕೆಳಗೆ, ರೋಗಿಯ ತಮ್ಮ ಎಂದು ಮಾಸ್ತರರ ಸಹಿ.

ಪಡಸಾಲೆ, ಕಿಟಕಿಯ ಸರಳು, ಟವೆಲ್ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಅಲ್ಲಿ ನಾನು ನಿಂತಿರಲಿಲ್ಲ. ನಿಂತದ್ದು ಅಕ್ಕನ ಮಂಚದ ಪಕ್ಕದಲ್ಲೇ ಇರಬೇಕು. ಅವರಿಗೆ ಕೇಳಿಸುವ ಹಾಗೆ. ನಾನು ಹೇಳಿದೆ, ಮಾಸ್ತರರು ಪಕ್ಕದಲ್ಲಿ ನಿಂತು ಕೇಳಿ, ತಿದ್ದದೆ, ಸಹಿ ಹಾಕಿದರು.

ನಾನು ಆ ಸಾಲನ್ನು ಓದಿದೆ. ನನ್ನ ಹೆಸರನ್ನೂ ಓದಿದೆ. "ಇದು ಸುಳ್ಳು ಅಕ್ಕ. ಅದು ಲೋಳೆಸರ ಆಗಿರಲಿಲ್ಲ. ಮೀನಿನ ತೊಗಲು."

ಅಕ್ಕ ಅಂಗಳದ ಕಡೆ ನೋಡಲಿಲ್ಲ, ಬಾಯಿಗೆ ಸೆರಗು ಹಿಡಿಯಲಿಲ್ಲ. ನನ್ನ ಕೈಯಿಂದ ಕಾಗದ ತೆಗೆದುಕೊಂಡು ಫೈಲಿನೊಳಗೆ ಇಟ್ಟರು.

"ನೀನು ಅವತ್ತೇ ನಿಜ ಹೇಳಿದ್ರೆ ಡಾಕ್ಟ್ರು ಎರಡು ದಿನ ಕಾಯ್ತಿದ್ವಿಲ್ಲೆ. ಅಲ್ದಾ?"

"ಗೊತ್ತಿಲ್ಲ ಅಕ್ಕ."

ಅವರು ಅಂಗೈಯ ಅಂಚನ್ನು ಸೀರೆಯ ಮೇಲೆ, ತೊಡೆ ಮುಗಿದು ಬಟ್ಟೆ ಚಪ್ಪಟೆಯಾಗುವ ಕಡೆ ಇಟ್ಟರು. ಆಮೇಲೆ ಅದನ್ನು ಇಷ್ಟು ಕೆಳಕ್ಕೆ ಜಾರಿಸಿದರು, ಮೊಣಕಾಲು ಇರಬೇಕಿದ್ದ ಜಾಗಕ್ಕೆ.

"ಇಲ್ಲೀವರೆಗೆ ಉಳೀತಿತ್ತಾ?"

ಕೈ ಇನ್ನೂ ಕೆಳಗಿಳಿಯಿತು. ಕುರ್ಚಿಯ ಅಂಚಿನಿಂದ ಖಾಲಿಯಾಗಿ ಇಳಿಬಿದ್ದಿದ್ದ ಸೀರೆಯನ್ನು ಮೀನಖಂಡ ಇರಬೇಕಿದ್ದ ಎತ್ತರದಲ್ಲಿ ಒತ್ತಿ ಹಿಡಿದು, ನನ್ನ ಮುಖ ನೋಡಿದರು.

"ಇಲ್ಲೀವರೆಗೆ?"